ವೈದ್ಯವಿದ್ಯೆಗೆ ಮುನ್ನ ಪದವಿ ಬೇಕೆ?

ಕಳೆದ ಶ್ರಾವಣದಲ್ಲಿ ನವಲಗುಂದ ಸೀಮೆಯ ಒಕ್ಕಲು ಮನೆತನದ ದಂಪತಿಗಳು ಮಗಳೊಡನೆ ನಮ್ಮಲ್ಲಿಗೆ ಬಂದಿದ್ದರು. ಪಿಯುಸಿ ಮುಗಿಸಿದ ಮಗಳು ಎರಡು ಸಲ ‘ನೀಟ್’ ಪರೀಕ್ಷೆ ಬರೆದಿದ್ದಳು. ಸರಕಾರಿ ಸೀಟು ದೊರೆತಿರಲಿಲ್ಲ. ಎರಡೆಕರೆ ಎರಿಹೊಲವನ್ನು ಒತ್ತೆಯಿಟ್ಟು ಮತ್ತೊಂದು ವರ್ಷ ಕೋಚಿಂಗಿಗೆ ಕಳುಹಿಸಬೇಕೋ, ಮೊದಲು ಬಿ.ಎಸ್‌ಸಿ. ಓದಿಸಿ ಆ ಬಳಿಕ ಡಾಕ್ಟರಿಕೆಗೆ ಸೇರಿಸಬೇಕೋ ಎಂಬುದು ಅವರ ಚಿಂತೆ. ‘ಮೊದಲು ಡಿಗ್ರಿಯಾಗಲಿ’ ಎಂದು ಅಮೆರಿಕದಲ್ಲಿರುವ ಬೀಗರು ಹೇಳಿದ್ದರಂತೆ.

ಬೀಗರ ಮಾತು ಆ ದೇಶಕ್ಕೆ ಸರಿ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಪಡೆದ ಮೇಲೆಯೇ ವೈದ್ಯಕೀಯ ಕಾಲೇಜಿನ ಬಾಗಿಲು ತೆರೆಯುತ್ತದೆ. ನಮ್ಮಲ್ಲಿ ಪಿಯುಸಿ ಆದೊಡನೆ ಎಂ.ಬಿ.ಬಿ.ಎಸ್.; ನಾಲ್ಕೂವರೆ ವರ್ಷ ಓದು, ಮೇಲೊಂದು ವರ್ಷ ಆಸ್ಪತ್ರೆಯ ತರಬೇತಿ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರಕಾರಿ ಕಾಲೇಜಿನ ಸೀಟಿಗೂ ‘ನೀಟ್’ನ 720 ಅಂಕಗಳ ಪರೀಕ್ಷೆಯೇ ಆಧಾರ. ಪದವಿಯ ಅಂಕಗಳು ಅಲ್ಲಿ ಲೆಕ್ಕಕ್ಕೆ ಬಾರವು. 2022ರಲ್ಲಿ ಗರಿಷ್ಠ ವಯೋಮಿತಿಯನ್ನು ತೆಗೆದುಹಾಕಿರುವುದರಿಂದ ಪದವಿ ಓದುತ್ತಲೂ ಪರೀಕ್ಷೆ ಬರೆಯಬಹುದು, ನಿಜ. ಆದರೆ ಪದವಿಯು ಡಾಕ್ಟರಿಕೆಗೆ ಏಣಿಯಲ್ಲ.

ಆದ್ದರಿಂದ, ಸೀಟು ದೊರೆಯದಿದ್ದರೂ ತನ್ನ ಕಾಲ ಮೇಲೆ ನಿಲ್ಲಿಸುವ ಪದವಿಯನ್ನೇ ಆರಿಸಬೇಕೆಂಬುದು ನಮ್ಮ ವಿನಂತಿ. 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಕೃಷಿ ಪದವಿಯುಂಟು. ಸಿಇಟಿ ಮೂಲಕ ಪ್ರವೇಶ, ರೈತರ ಮಕ್ಕಳಿಗೆ ಮೀಸಲು ಸೀಟುಗಳು, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ. ನರ್ಸಿಂಗ್ ಮತ್ತು ಫಾರ್ಮಸಿ ಪದವಿಗಳೂ ನಾಲ್ಕು ವರ್ಷದವೇ. ಮುಗಿಸಿದವರಿಗೆ ಕೈಯಲ್ಲೊಂದು ವೃತ್ತಿ. ಸಾಮಾನ್ಯ ಬಿ.ಎಸ್‌ಸಿ. ಸೇರುವವರು ಮುಂದೆ ಎಂ.ಎಸ್‌ಸಿ. ಅಥವಾ ಬಿ.ಎಡ್. ಮಾಡುವ ಮನಸ್ಸಿನಿಂದ ಸೇರಲಿ. ಅದನ್ನು ಬಸ್ಸು ಕಾಯುವ ನಿಲ್ದಾಣ ಮಾಡಿಕೊಳ್ಳಬಾರದು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ಸೀಟುಗಳಲ್ಲಿ ಮೀಸಲಾತಿಯುಂಟು. ಶಾಲೆಯಿಂದ ಆ ಪ್ರಮಾಣಪತ್ರಗಳನ್ನು ಮೊದಲೇ ಪಡೆದಿಡುವುದು ಲೇಸು.

ಮನೆಯಲ್ಲಿ ಕುಳಿತು ಪರೀಕ್ಷೆ ಬರೆಯುವ ವರ್ಷಗಳು ಹೆಚ್ಚಿದಂತೆ ಹೆಣ್ಣುಮಕ್ಕಳಿಗೆ ಇನ್ನೊಂದು ಆತಂಕವೂ ಉಂಟು. ‘ಓದು ಸಾಕು, ಲಗ್ನ ಮಾಡೋಣ’ ಎಂಬ ಮಾತು ಬಂಧುಗಳ ಬಾಯಲ್ಲಿ ಮೊಳೆಯುತ್ತದೆ. ಕಾಲೇಜಿಗೆ ಹೋಗುವ ಮಗಳನ್ನು ಆ ಮಾತು ಅಷ್ಟು ಸುಲಭವಾಗಿ ಮುಟ್ಟದು.

ಇಷ್ಟನ್ನು ಹೇಳಿ, ಅಲ್ಲಿಯವರೆಗೆ ಮೌನವಾಗಿದ್ದ ಮಗಳನ್ನು ನಾವು ಕೇಳಿದೆವು. ಅವಳು ತಂದೆಯ ಕಡೆಗೆ ತಿರುಗಿ, “ಅಪ್ಪಾ, ನನಗ ಆಸ್ಪತ್ರಿ ಕೆಲಸ ಅಂದ್ರ ಇಷ್ಟ ಐತ್ರಿ. ನರ್ಸಿಂಗ್ ಆದ್ರೂ ನಡೀತೈತಿ. ಹೊಲ ಮಾತ್ರ ಒತ್ತಿ ಹಾಕಬ್ಯಾಡ್ರಿ” ಎಂದಳು. ತಂದೆ ತಲೆ ತಗ್ಗಿಸಿದರು. ಎರಡು ವರ್ಷದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ.

ಈಗ ಅವಳು ನರ್ಸಿಂಗ್ ಓದುತ್ತಿದ್ದಾಳೆ. ಹೊಲ ಮನೆಯವರ ಕೈಯಲ್ಲೇ ಇದೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಂಬಿದ ಮನೆತನಗಳು ನಮ್ಮವು. ಆ ನಂಬಿಕೆಯು ಮಕ್ಕಳ ಅರ್ಜಿ ತುಂಬುವ ದಿನವೂ ನೆನಪಿಗೆ ಬರಲಿ.