ವೇಗವೂ ಬೇಕು, ವಾರಂಟಿಯೂ ಬೇಕು!

ಪರದೆ ಮೇಲೆ ಹೀರೋ ಕಾರು ಹಾರಿಸ್ತಾನೆ, ನೀವು ಶಿಳ್ಳೆ ಹೊಡೀತೀರಿ. ಹೊಡೀರಿ, ನಾನೂ ಹೊಡೀತೀನಿ! ಆದರೆ ಆ ಕಾರಿನ ರಿಪೇರಿ ಬಿಲ್ಲು ನಿರ್ಮಾಪಕರದು. ರಾಮಕುಂಜದ ಅಡಿಕೆ ತೋಟದ ಮನೆಯಂಗಳದಲ್ಲಿ ನಿಂತಿರೋ ಹೊಸ ಟರ್ಬೊ ಕಾರಿನ ಬಿಲ್ಲು ಅಪ್ಪನದು ಸ್ವಾಮಿ!

'ಎಂಜಿನ್ ಕಂಪ್ಯೂಟರ್ ತಿದ್ದಿಸಿದ್ರೆ ಶಕ್ತಿ ಏರುತ್ತಂತೆ, ಹೌದಾ?' ಅಂತ ಕೇಳೋರಿದ್ದಾರೆ. ಏರುತ್ತೆ. ಟರ್ಬೊ ಒತ್ತಡ ಹೆಚ್ಚುತ್ತೆ. ಅದರ ಭಾರ ಕ್ಲಚ್ಚು, ಗೇರ್‌ಬಾಕ್ಸ್ ಮೇಲೂ ಬೀಳುತ್ತೆ. ಅವು ಕೈಕೊಟ್ಟ ದಿನ ಕಂಪನಿ ಕೈ ಎತ್ತುತ್ತೆ. ವಾಪಸ್ ಮೊದಲಿನಂತೆ ಮಾಡಿಸಿದರೂ ತಿದ್ದಿದ ಗುರುತು ಎಷ್ಟೋ ಕಾರುಗಳಲ್ಲಿ ಉಳಿಯುತ್ತೆ.

ಸೈಲೆನ್ಸರ್ ಕಿತ್ತು ಗುಡುಗಿಸೋಕೆ ಹೋದಿರೋ, ಕಾನೂನು ಕಾದಿದೆ. ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ!

ಹಾಗಾದ್ರೆ ಆಸೆ ಬಿಡಬೇಕಾ? ಬೇಡ. ಮೊದಲು ವಾರಂಟಿ ಪುಸ್ತಕ ಓದಿ. ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆ ಹಿಡಿತದ ಟೈರು ಹಾಕಿಸಿ. ಉತ್ತಮ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲ್ ಹಾಕಿಸಿ. ಕಂಪನಿಯದೇ ಬಿಡಿಭಾಗ ಸಿಕ್ಕಿದರೆ ಅವರ ವರ್ಕ್‌ಶಾಪಿನಲ್ಲೇ ಜೋಡಿಸಿ, ಬಿಲ್ಲು ಜೋಪಾನವಾಗಿಡಿ. ಆಷಾಢದ ಮಳೆಯಲ್ಲಿ ಉಪ್ಪಿನಂಗಡಿ ದಾರಿಯ ತಿರುವು, ಶಿರಾಡಿ ಘಾಟಿಯ ಇಳಿಜಾರು ಬಂದಾಗ ಕಾರು ಹಾರೋದಕ್ಕಿಂತ ನಿಲ್ಲೋದು ಮುಖ್ಯ.

ಹೀರೋಗೆ ರೀಟೇಕ್ ಉಂಟು ಮಾರಾಯ್ರೇ, ನಮಗಿಲ್ಲ!