ಬಂಗಿನ ಮದ್ದು ಮೆಡಿಕಲ್ ಶಾಪಿನ ಟ್ಯೂಬಿನಲ್ಲಿಲ್ಲ

ಬಸುರಿ ಹೆಣ್ಣುಮಗಳ ಕೆನ್ನೆ ಮೇಲೆ ಬಂಗು ಕಂಡರೆ ನಮ್ಮ ಹುಲಿಗಿಯಲ್ಲಿ ಎರಡು ಮಾತು ಏಳುತ್ತವೆ. ಒಂದು, "ಮಾರಿ ಕಪ್ಪಾಗೇತಿ, ಗಂಡ ಹುಟ್ಟತೈತಿ ಬಿಡು." ಇನ್ನೊಂದು, "ಏನರ ಹಚ್ಗೊಳವಾ, ಕುಬಸದ ಫೋಟೊದಾಗ ಚಂದ ಕಾಣಬೇಕಲ್ಲ." ಆಶಾ ಕಾರ್ಯಕರ್ತೆಯಾಗಿ ಓಣಿ ಓಣಿ ತಿರುಗುವ ನಾನು ಮೊದಲನೆಯದಕ್ಕೆ ನಕ್ಕು ಮುಂದೆ ಹೋಗುತ್ತೇನೆ, ಹೆಣ್ಣು ಹಡೆದವರ ಕೆನ್ನೆಯಲ್ಲೂ ಬಂಗು ನೋಡಿದವಳು ನಾನು. ಎರಡನೆಯದಕ್ಕೆ ಮಾತ್ರ ಸಿಟ್ಟು ಬರುತ್ತದೆ.

ಬಸಿರಿನಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಏರುತ್ತವೆ. ಜೊತೆಗೆ ಬಣ್ಣದ ಕಣಗಳನ್ನು ಕೆರಳಿಸುವ ಇನ್ನೊಂದು ಹಾರ್ಮೋನೂ ಏರಿ, ಚರ್ಮದಲ್ಲಿ ಮೆಲನಿನ್ ಹೆಚ್ಚಾಗುತ್ತದೆ. ಕತ್ತು, ಕಂಕುಳು ಕಪ್ಪಾಗುತ್ತವೆ, ಹೊಕ್ಕಳಿನಿಂದ ಕೆಳಗೆ ಒಂದು ಕರಿ ಗೆರೆ ಮೂಡುತ್ತದೆ. ಇದು ರೋಗವಲ್ಲ. ಹೆರಿಗೆಯಾದ ಮೇಲೆ ಬಹಳ ಮಂದಿಗೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ, ಕೆಲವರಿಗೆ ಕೆನ್ನೆಯ ಬಂಗು ಉಳಿದುಬಿಡುತ್ತದೆ. ಮುಂದೆ ಬಸಿರು ತಡೆಯುವ ಮಾಲಾ-ಎನ್ ಗುಳಿಗೆ ನುಂಗುವಾಗಲೂ ಅದು ಮತ್ತೆ ತಲೆ ಎತ್ತಬಹುದು.

ಬಂಗನ್ನು ಕೆಡಿಸುವುದು ಬಿಸಿಲು. ಮುನಿರಾಬಾದಿನಿಂದ ಗಂಗಾವತಿ ಕಡೆ ಕಾಲುವೆ ಹೋದಲ್ಲೆಲ್ಲ ಭತ್ತದ ಗದ್ದೆ. ನಾಟಿಗೆ ಬಗ್ಗಿದವಳ ತಲೆ ಮೇಲೆ ಸೆರಗಿದ್ದರೂ ನೀರಿನಿಂದ ಎದ್ದು ಬರುವ ಬಿಸಿಲು ಕೆನ್ನೆಗೆ ಹೊಡೆಯುತ್ತದೆ. "ಬಿಸಿಲಿಗೆ ಹೋಗಬ್ಯಾಡ" ಅನ್ನುವುದು ನನಗೆ ಸುಲಭ. ಆ ದಿನದ ಕೂಲಿ ಕೊಡುವವರು ಯಾರು? ಹಾಗಾಗಿ ಅಗಲ ಅಂಚಿನ ಟೊಪ್ಪಿಗೆ ಹಾಕಿಕೋ, ಸಾಧ್ಯವಾದರೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹಚ್ಚಿಕೋ ಅನ್ನುತ್ತೇನೆ. ಉಳಿದದ್ದಕ್ಕೆ ಹೆರಿಗೆ ಆಗಲಿ.

ಆದರೆ ಅಷ್ಟು ತಾಳ್ಮೆ ಮನೆಯವರಿಗಿಲ್ಲ. ಯಾರೋ ಒಂದು ಟ್ಯೂಬ್ ತಂದುಕೊಡುತ್ತಾರೆ. ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಕಲೆತದ್ದು. ಮುಖ ಬೇಗ ಬೆಳ್ಳಗಾಗುತ್ತದೆ, ನಿಲ್ಲಿಸಿದ ಮೇಲೆ ಕೆಂಪಗೆ ಉರಿಯುತ್ತದೆ, ಚರ್ಮ ತೆಳ್ಳಗಾಗಿ ಮೊಡವೆ ಏಳುತ್ತವೆ. ಬಸಿರಿನಲ್ಲಿ ಈ ಔಷಧಗಳನ್ನು ವೈದ್ಯರು ದೂರವಿಡುವಂತೆಯೇ ಹೇಳುತ್ತಾರೆ. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲೇ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ನಿಯಮ ಕಾಗದದಲ್ಲಿದೆ, ಟ್ಯೂಬ್ ಮಾತ್ರ ತಲೆದಿಂಬಿನ ಕೆಳಗೆ! ಔಷಧ ನಿಯಂತ್ರಕರು ಊರಿನ ಅಂಗಡಿಗಳ ಕಡೆಗೂ ಒಮ್ಮೆ ಬಂದು ನೋಡಲಿ.

ಕಪ್ಪಿನ ಈ ಅಂಜಿಕೆ ಕೆನ್ನೆಗಷ್ಟೇ ನಿಲ್ಲುವುದಿಲ್ಲ, ಅದೇ ನನ್ನ ತಕರಾರು. ಕಬ್ಬಿಣದ ಕೆಂಪು ಗುಳಿಗೆ ನುಂಗಿದರೆ ಕೂಸು ಕಪ್ಪಾಗುತ್ತದೆ ಎಂದು ಕದ್ದು ಎಸೆಯುವವರಿದ್ದಾರೆ. ಗುಳಿಗೆಯಿಂದ ಮಲ ಕಪ್ಪಾಗುವುದು ನಿಜ. ಅಲ್ಲಿಂದಲೇ ಈ ಮಾತು ಹುಟ್ಟಿತೇನೋ. ಕೂಸಿನ ಬಣ್ಣ ತಂದೆ-ತಾಯಿಯಿಂದ ಬರುತ್ತದೆ, ಗುಳಿಗೆಯಿಂದಲ್ಲ, ಕೇಸರಿ ಹಾಲಿನಿಂದಲೂ ಅಲ್ಲ. ಕೆನ್ನೆ ನೋಡುವ ಅತ್ತೆಯಂದಿರಿಗೆ ನಾನು ಸೊಸೆಯ ಕೆಳರೆಪ್ಪೆ ಎಳೆದು ತೋರಿಸುತ್ತೇನೆ: ಒಳಗೆ ಬಿಳಿಚಿಕೊಂಡಿದ್ದರೆ ಅದಕ್ಕೆ ಚಿಂತಿಸಿ. ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದೆ, ತಾಯಿ ಕಾರ್ಡ್ ಹಿಡಿದು ಬನ್ನಿ.

ಮೈಮೇಲೆ ಗುಳ್ಳೆ ಏನೂ ಇಲ್ಲದೆ ಅಂಗೈ, ಅಂಗಾಲು ರಾತ್ರಿ ವಿಪರೀತ ತುರಿಸಿದರೆ ಮಾತ್ರ 9ರ ತನಕ ಕಾಯಬೇಡಿ. ಅದು ಪಿತ್ತಜನಕಾಂಗದ ತೊಂದರೆ ಇರಬಹುದು, ಮರುದಿನವೇ ವೈದ್ಯರಿಗೆ ತೋರಿಸಿ.