ಬೆಟ್ಟ ಯಾರದು, ಅಪ್ಪಣೆ ಯಾರದು?

ಕಳೆದ ತಿಂಗಳು ಸಂಘದ ಸಭೆ ಮುಗಿದು ಕಾಫಿ ಕುಡಿಯುತ್ತಿದ್ದಾಗ ಹವಾಯಿ ದ್ವೀಪದ ಮಾತು ಬಂತು. ಬರಲು ಕಾರಣವಿತ್ತು. ಅಲ್ಲಿನ ಮೌನಾ ಕಿಯಾ ಶಿಖರದ ಮೇಲೆ ಕಟ್ಟಹೊರಟಿರುವ ಮೂವತ್ತು ಮೀಟರ್ ದೂರದರ್ಶಕದಲ್ಲಿ ಭಾರತವೂ ಪಾಲುದಾರ. ನಮ್ಮ ದೇಶದ ಪರವಾಗಿ ಇದರ ಹೊಣೆ ಹೊತ್ತಿರುವುದರಲ್ಲಿ ಮುಖ್ಯವಾದುದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್. ಕನ್ನಡಿಯ ಕೆಲವು ತುಣುಕುಗಳನ್ನು ನಯಗೊಳಿಸುವ ಕಾರ್ಯಾಗಾರ ಅದರ ಹೊಸಕೋಟೆಯ ಆವರಣದಲ್ಲಿದೆ. "ನಮ್ಮವರ ಕೆಲಸಕ್ಕೆ ಅಲ್ಲಿನ ಮೂಢನಂಬಿಕೆಯ ಜನ ಅಡ್ಡ ಕೂತಿದ್ದಾರಂತಲ್ಲ!" ಎಂದರು ಹಿರಿಯರೊಬ್ಬರು. ಸುತ್ತಲಿದ್ದವರು ತಲೆದೂಗಿದರು. ನಾವು ಸುಮ್ಮನಿದ್ದೆವು. ಹಾಗೆ ಸುಮ್ಮನಿದ್ದುದು ತಪ್ಪೆನಿಸಿ ಈಗ ಬರೆಯುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ: ನಾವು ವಿಜ್ಞಾನದ ವಿರೋಧಿಗಳಲ್ಲ. ಬಿ.ಎಸ್‌ಸಿ. ಓದಿ, ಹೊಟ್ಟೆಪಾಡಿಗೆ ಕೇಂದ್ರ ಸರ್ಕಾರದ ಗುಮಾಸ್ತಿಕೆ ಹಿಡಿದವರು. ಆ ಶಿಖರವೇ ಏಕೆ ಬೇಕೆಂಬುದನ್ನು ಬಲ್ಲೆವು. ಸಮುದ್ರ ಮಟ್ಟದಿಂದ ಸುಮಾರು 4,200 ಮೀಟರ್ ಎತ್ತರ. ಮೋಡಗಳು ಬಹುಮಟ್ಟಿಗೆ ಕೆಳಗೇ ಉಳಿಯುತ್ತವೆ. ಒಣಹವೆ; ನಕ್ಷತ್ರದ ಬೆಳಕು ಹೆಚ್ಚು ಕದಡದೆ ಇಳಿಯುತ್ತದೆ. ಅಲ್ಲಿನ ಕೆಕ್ ದೂರದರ್ಶಕದಿಂದ ಆಕಾಶಗಂಗೆಯ ನಡುವಿನ ನಕ್ಷತ್ರಗಳ ಚಲನೆಯನ್ನು ವರ್ಷಗಟ್ಟಲೆ ಅಳೆದ ಆಂಡ್ರಿಯಾ ಗೆಜ್ ಅವರಿಗೆ 2020ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಕೆಕ್‌ನ ಕನ್ನಡಿ ಹತ್ತು ಮೀಟರ್ ಅಗಲ. ಹೊಸದು 492 ತುಣುಕುಗಳನ್ನು ಜೋಡಿಸಿದ ಮೂವತ್ತು ಮೀಟರಿನದು. ಅದು ಕಣ್ತೆರೆಯುವ ದಿನವನ್ನು ನೋಡುವ ಆಸೆ ನಮಗೂ ಇದೆ.

ಆದರೆ ಅಡ್ಡ ಕೂತವರನ್ನು ಮೂಢರೆನ್ನುವುದು ಅನ್ಯಾಯ. ನಕ್ಷತ್ರ ನೋಡಿ ಸಾಗರ ದಾಟಿದವರ ಸಂತತಿ ಅವರು. 1976ರಲ್ಲಿ ಹೋಕುಲೆಯಾ ಎಂಬ ಜೋಡಿದೋಣಿ ದಿಕ್ಸೂಚಿ ಮೊದಲಾದ ಯಾವ ಉಪಕರಣವೂ ಇಲ್ಲದೆ, ನಕ್ಷತ್ರ, ಅಲೆ, ಗಾಳಿಗಳ ಗುರುತಿನಿಂದಲೇ ಹವಾಯಿಯಿಂದ ತಾಹಿತಿ ತಲುಪಿತು. ಅವರಿಗೆ ಆ ಶಿಖರ ಆಕಾಶಪಿತ ವಾಕಿಯಾನ ಸಂತಾನ, ಹಿಮದೇವತೆ ಪೋಲಿಯಾಹುವಿನ ನೆಲೆ. ಮೇಲಿರುವ ವೈಯಾವು ಸರೋವರಕ್ಕೆ ಮಗುವಿನ ಹೊಕ್ಕುಳಬಳ್ಳಿಯನ್ನು ಒಯ್ದು ಅರ್ಪಿಸುವ ವಾಡಿಕೆ ಅವರಲ್ಲಿದೆ. ಗೋಪುರ ಕಂಡರೆ ಮಾತ್ರ ಕೈಮುಗಿಯುವ ಅಭ್ಯಾಸವಿರುವ ನಮಗೆ, ಬೆಟ್ಟವೇ ಗುಡಿಯಾಗಿರುವುದು ಕಾಣದೆ ಹೋಯಿತೆ?

ಇನ್ನು ನೆಲದ ಲೆಕ್ಕ. 1893ರಲ್ಲಿ ಅಮೆರಿಕದ ನೌಕಾಸೈನಿಕರ ಬೆಂಬಲ ಪಡೆದು ವ್ಯಾಪಾರಿಗಳ ಗುಂಪೊಂದು ರಾಣಿ ಲಿಲಿಯುಓಕಲಾನಿಯವರನ್ನು ಪದಚ್ಯುತಗೊಳಿಸಿತು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. ರಾಜ್ಯದ ಭೂಮಿಯೂ ಹೋಯಿತು. ನೂರು ವರ್ಷದ ನಂತರ, 1993ರಲ್ಲಿ, ಅಮೆರಿಕದ ಸಂಸತ್ತೇ ಇದಕ್ಕಾಗಿ ಕ್ಷಮೆ ಕೇಳಿತು. ಕ್ಷಮೆ ಬಂತು, ಭೂಮಿ ಬರಲಿಲ್ಲ. ಮೌನಾ ಕಿಯಾದ ನೆತ್ತಿ ಅಂಥ ಭೂಮಿ. 1968ರಲ್ಲಿ ಅದನ್ನು ಹವಾಯಿ ವಿಶ್ವವಿದ್ಯಾನಿಲಯಕ್ಕೆ 65 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಬಾಡಿಗೆ ವರ್ಷಕ್ಕೆ ಒಂದು ಡಾಲರ್! ಒಂದಾದ ಮೇಲೊಂದರಂತೆ ಹದಿಮೂರು ದೂರದರ್ಶಕಗಳೆದ್ದವು. ಬೆಟ್ಟದ ಆರೈಕೆ ಸಾಲದೆಂದು 1998ರಲ್ಲಿ ಆ ರಾಜ್ಯದ ಲೆಕ್ಕಪರಿಶೋಧಕರೇ ಆಕ್ಷೇಪಿಸಿದರು. ಆಡಿಟ್ ಆಕ್ಷೇಪಣೆಯ ತೂಕವೇನೆಂದು ನಮ್ಮಂಥ ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಸ ದೂರದರ್ಶಕದ ಕಡತವಂತೂ ಇನ್ನೂ ಸೊಗಸು. ಅಲ್ಲಿನ ಭೂ ಮಂಡಳಿ 2011ರಲ್ಲಿ ಮೊದಲು ಪರವಾನಗಿಗೆ ಒಪ್ಪಿಗೆ ಕೊಟ್ಟಿತು, ಆಕ್ಷೇಪಣೆಯ ವಿಚಾರಣೆಯನ್ನು ಆಮೇಲೆ ನಡೆಸಿತು. ತಾಳಿ ಕಟ್ಟಿದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ! 2015ರ ಡಿಸೆಂಬರಿನಲ್ಲಿ ಹವಾಯಿಯ ಸರ್ವೋಚ್ಚ ನ್ಯಾಯಾಲಯ ಇದೇ ಕಾರಣಕ್ಕೆ ಪರವಾನಗಿಯನ್ನು ರದ್ದುಮಾಡಿತು. ಮತ್ತೆ ವಿಚಾರಣೆ ನಡೆದು ಹೊಸ ಪರವಾನಗಿ ಬಂತು. 2018ರಲ್ಲಿ ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಾಗದ ಸರಿಯಾಯಿತು, ಜನ ಒಪ್ಪಲಿಲ್ಲ. 2019ರ ಜುಲೈನಲ್ಲಿ ಬೆಟ್ಟದ ದಾರಿಗೆ ಅಡ್ಡ ಕೂತ ಮೂವತ್ತಕ್ಕೂ ಹೆಚ್ಚು ಮುದುಕ ಮುದುಕಿಯರನ್ನು ಪೊಲೀಸರು ಬಂಧಿಸಿದರು. ಅಜ್ಜಿಯರನ್ನು ಎತ್ತಿ ಒಯ್ದು ತೆರೆದ ದಾರಿಯಲ್ಲಿ ನಮ್ಮ ಹೊಸಕೋಟೆಯ ಕನ್ನಡಿ ಹೋಗಬೇಕೆ?

"ಅಲ್ಲಿಯ ಜನರಲ್ಲೇ ಪರವಾಗಿರುವವರೂ ಇದ್ದಾರೆ" ಎನ್ನುವಿರಿ. ಇದ್ದಾರೆ, ನಿಜ. ಹಾಗಿದ್ದರೆ ಅವರವರೇ ಕೂತು ತೀರ್ಮಾನಿಸಲಿ. ಪಾಲು ಹಾಕಿದ ದೇಶಗಳು ಅವರ ಪರವಾಗಿ ತೀರ್ಮಾನಿಸುವುದು ಬೇಡ. "ಹದಿಮೂರಿದ್ದ ಕಡೆ ಇನ್ನೊಂದು ಏನು ಮಹಾ?" ಎನ್ನುವಿರಿ. ಹದಿಮೂರನ್ನು ಸಹಿಸಿದವರಿಗೆ ಹದಿನೆಂಟು ಅಂತಸ್ತಿನಷ್ಟು ಎತ್ತರದ ಮತ್ತೊಂದನ್ನು ಬೇಡವೆನ್ನುವ ಹಕ್ಕಿಲ್ಲವೆ? ಹಳೆಯವುಗಳಲ್ಲಿ ಎರಡನ್ನು 2024ರಲ್ಲಿ ಕಳಚಿ ತೆಗೆದದ್ದು ಈ ಜನರ ಒತ್ತಾಯದ ಫಲವೂ ಹೌದು.

ಈಗ ಅಲ್ಲಿ ಹೊಸ ವ್ಯವಸ್ಥೆಯೊಂದು ಹುಟ್ಟಿದೆ. 2022ರ ಕಾನೂನಿನಂತೆ ಬೆಟ್ಟದ ಆಡಳಿತ ವಿಶ್ವವಿದ್ಯಾನಿಲಯದ ಕೈಯಿಂದ ಪ್ರಾಧಿಕಾರವೊಂದಕ್ಕೆ ಹೋಗಬೇಕು. 2028ರಿಂದ ಪೂರ್ಣ ಹೊಣೆ ಅದರದು. ಮೂಲನಿವಾಸಿಗಳಿಗೂ ಅದರಲ್ಲಿ ಸ್ಥಾನವಿದೆ. ಹಳೆಯ ಗುತ್ತಿಗೆ 2033ಕ್ಕೆ ಮುಗಿಯುತ್ತದೆ. ಅಂದರೆ ಅರವತ್ತು ವರ್ಷ ಕೇಳದ ಪ್ರಶ್ನೆಯನ್ನು ಈಗಲಾದರೂ ಕೇಳುವ ಅವಕಾಶ ಬಂದಿದೆ.

ಇಲ್ಲಿ ಭಾರತದ ಮಾತಿಗೆ ಬೆಲೆಯುಂಟು. 2014ರಲ್ಲಿ ಕೇಂದ್ರ ಸಚಿವ ಸಂಪುಟ ಸುಮಾರು 1,300 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ಪಾಲು ಹತ್ತರಲ್ಲಿ ಒಂದು. ಪರರ ಆಳ್ವಿಕೆಯಲ್ಲಿ ಭೂಮಿ ಕಳೆದುಕೊಂಡ ನೆನಪಿರುವ ದೇಶ ಸಭೆಯಲ್ಲಿ ಎದ್ದು ಹೇಳಬೇಕು: "ಆ ಜನರ ಒಪ್ಪಿಗೆಯಿಲ್ಲದೆ ಆ ಶಿಖರದಲ್ಲಿ ನಮ್ಮ ಕನ್ನಡಿ ಇಡುವುದಿಲ್ಲ." ಒಪ್ಪಿಗೆ ದೊರೆಯದಿದ್ದರೆ ಸ್ಪೇನಿನ ಲಾ ಪಾಲ್ಮಾ ದ್ವೀಪವಿದೆ, ಅಲ್ಲಿಗೆ ಬಂದರೆ 40 ಕೋಟಿ ಯೂರೋ ಕೊಡುವುದಾಗಿ ಸ್ಪೇನ್ ಸರ್ಕಾರ 2025ರಲ್ಲಿ ಹೇಳಿದೆ. ಆ ಬೆಟ್ಟ ತಗ್ಗು. ಅವಕೆಂಪು ಕಿರಣಗಳ ವೀಕ್ಷಣೆಗೆ ಸ್ವಲ್ಪ ನಷ್ಟವೇ. ಆ ನಷ್ಟವನ್ನು ವಿಜ್ಞಾನ ತಡೆದುಕೊಳ್ಳಬಲ್ಲದು.

ನಮ್ಮ ಹಿರಿಯರು ಇದನ್ನು ಓದಿ ಸಿಟ್ಟಾಗಬಾರದು. ಮುಂದಿನ ಸಭೆಯಲ್ಲಿ ಕಾಫಿ ನಮ್ಮ ಲೆಕ್ಕ. ವಾದ ಅಲ್ಲಿಂದಲೇ ಮುಂದುವರಿಯಲಿ.